ಸಣ್ಣೀರಮ್ಮ ನೋವು ಬಡಿಸಿದ ಬೇಸಿಗೆ

ಹೋದ ತಿಂಗಳು ಪಾವಗಡದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಯಜಮಾನರೊಬ್ಬರು ನೋವಿನ ಎಣ್ಣೆಯ ಸೀಸೆಯ ಮುಚ್ಚಳ ತೆಗೆದರು. ಬಸ್ಸು ಮಧುಗಿರಿ ಬಿಟ್ಟು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಕರ್ಪೂರ, ಪುದೀನ, ಮತ್ತೇನೋ ಒಂದು ಸೇರಿದ ಆ ಘಾಟು ಹಿಂದಿನ ಸೀಟಿನಿಂದ ಹೊರಟು ಡ್ರೈವರನ ಮೂಗಿನವರೆಗೂ ಹೋಯಿತು. ಪಕ್ಕದ ಹೆಂಗಸು, "ಎಲ್ಲಿ ಯಜಮಾನ್ರೆ, ಮಂಡಿನಾ?" ಎಂದು ಕೇಳಿದಳು. ಅವರು ಹೌದು ಅಂದರು. ಅವಳು ತನ್ನದೂ ಮಂಡಿಯೇ ಅಂದಳು. ಮುಂದಿನವನು ತನ್ನದು ಸೊಂಟ ಅಂದ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ಬಿಟ್ಟು ತನ್ನ ಕತ್ತನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ಯಾಕೆ ತಿರುಗುವುದಿಲ್ಲ ಎಂದು ತೋರಿಸಿದ. ಮಿಡಿಗೇಶಿ ಬರುವಷ್ಟರಲ್ಲಿ ಸೀಸೆ ಅರ್ಧ ಬಸ್ಸು ಸುತ್ತಿ ಬಂದಿತ್ತು.

ನಾನೊಬ್ಬನೇ ಸುಮ್ಮನಿದ್ದೆ. ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನನಗೆ ಆ ಬೇಸಿಗೆ, ಆ ನಾಲ್ಕು ಗೋಡೆ, ಸಣ್ಣೀರಮ್ಮನ ಬಲಗೈ, ಎಲ್ಲ ಒಟ್ಟಿಗೆ ನೆನಪಾಗಿ ನಗು ಬಂತು. ನೋವಿನ ಮಾತಾಡುವಾಗ ನಗುವವನನ್ನು ಯಾರು ಮೆಚ್ಚುತ್ತಾರೆ? ಕಿಟಕಿಯ ಕಡೆ ತಿರುಗಿಕೊಂಡೆ.

ಆಗ ನಾನು ಮಧುಗಿರಿಯಲ್ಲಿ, ಒಂದು ಟ್ರಸ್ಟಿನವರು ನಡೆಸುತ್ತಿದ್ದ ಇಪ್ಪತ್ತು ಹಾಸಿಗೆಯ ಸಣ್ಣ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಜನ ನನ್ನನ್ನು ಕಾಂಪೌಂಡರ್ ಅನ್ನುತ್ತಿದ್ದರು. ಒಂಬತ್ತು ವರ್ಷ ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೆ. ನನ್ನ ಪ್ರಪಂಚ ಒಂದೂವರೆ ಅಡಿ ಅಗಲದ ಒಂದು ಕಿಟಕಿ. ಅದರಾಚೆಯಿಂದ ಚೀಟಿ ಹಿಡಿದ ಕೈ ಒಳಗೆ ಬರುತ್ತಿತ್ತು, ಈಚೆಯಿಂದ ಮಾತ್ರೆ ಹೋಗುತ್ತಿತ್ತು. ಮುಖಗಳಿಗಿಂತ ಕೈಗಳೇ ನನಗೆ ಚೆನ್ನಾಗಿ ಗೊತ್ತು. ಮೇಲೆ ಶೀಟಿನ ಮಾಡು. ಶಿವರಾತ್ರಿ ಕಳೆದ ಮೇಲೆ ಆ ಊರಿನ ಬಿಸಿಲು ಹೇಗಿರುತ್ತದೆ ಎಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಹಗಲೆಲ್ಲ ಸೂರ್ಯ ಸುಡುತ್ತಾನೆ, ಸಂಜೆಯಾದ ಮೇಲೆ ಆ ಏಕಶಿಲೆಯ ಬೆಟ್ಟ ಹಗಲಿಡೀ ಕುಡಿದ ಶಾಖವನ್ನು ಊರಿನ ಮೇಲೆ ಉಗುಳಲು ಶುರುಮಾಡುತ್ತದೆ.

ಆ ವರ್ಷ ನಮ್ಮ ಟ್ರಸ್ಟಿನವರಿಗೆ ಒಂದು ಹೊಸ ಯೋಚನೆ ಬಂತು. ಆಸ್ಪತ್ರೆಯ ಮುಂದೆ ಬೋರ್ಡು ಬರೆಸಿದರು: "ಹಳೆಯ ನೋವುಗಳಿಗೆ ತಂಡದಿಂದ ಚಿಕಿತ್ಸೆ, ಪ್ರತಿ ಗುರುವಾರ." ಮೊದಲ ಗುರುವಾರ ಬಂದವರಲ್ಲಿ ಒಬ್ಬಾತ ಅಣ್ಣ ತಮ್ಮಂದಿರ ಪಾಲಿನಲ್ಲಿ ತನಗೆ ಆದ ಮೋಸವನ್ನು ಮುಕ್ಕಾಲು ಗಂಟೆ ಹೇಳಿ ಹೋದ.

ತಂಡ ಅಂದರೆ ಮೂವರು. ಮುಖ್ಯಸ್ಥೆ ಡಾಕ್ಟರ್ ಶೈಲಜಾ, ಪಾವಗಡದವರು. ಆಪರೇಷನ್ ವೇಳೆ ಅರಿವಳಿಕೆ ಕೊಡುವ ಡಾಕ್ಟರು. ನೋವಿನ ಚಿಕಿತ್ಸೆಯಲ್ಲೂ ಬೇರೆ ತರಬೇತಿ ಪಡೆದು ಬಂದಿದ್ದರು. ಸಮಾಧಾನವಾಗಿದ್ದಾಗ ಕನ್ನಡ, ಕೋಪ ಬಂದರೆ ತೆಲುಗು. ಎರಡನೆಯವನು ಫಿಸಿಯೋಥೆರಪಿಯ ಇಮ್ರಾನ್, ಶಿರಾದ ಹುಡುಗ. ದಿನಾ ಅಲ್ಲಿಂದ ಬೈಕಿನಲ್ಲಿ ಬರುತ್ತಿದ್ದ. ಪ್ರಪಂಚದ ಯಾವ ಕಷ್ಟಕ್ಕೂ ಹತ್ತು ಸಲ ಕೈ ಎತ್ತಿ ಇಳಿಸಿದರೆ ಪರಿಹಾರ ಉಂಟು ಎಂದು ನಂಬಿದವನು. ಮೂರನೆಯವರು ಕೊರಟಗೆರೆ ಕಡೆಯ ಸಿಸ್ಟರ್ ಪುಟ್ಟಲಕ್ಷ್ಮಮ್ಮ. ಅವರನ್ನು ಟ್ರಸ್ಟಿನವರು ಬೆಂಗಳೂರಿಗೆ ಹತ್ತು ದಿನದ ಆಪ್ತಸಮಾಲೋಚನೆ ತರಬೇತಿಗೆ ಕಳಿಸಿದ್ದರು. ಹೋಗುವಾಗ ಇದ್ದ ಗಂಟಲು ಬರುವಾಗಲೂ ಹಾಗೇ ಇತ್ತು. "ನಿಮ್ಮ ಮನಸಿನಲ್ಲಿರೋದನ್ನ ಗುಟ್ಟಾಗಿ ನನಗೆ ಹೇಳ್ಬೋದು!" ಎಂದು ಅವರು ಒಳಗೆ ಕೂಗಿದ್ದು ಹೊರಗೆ ಟೋಕನ್ ಹಿಡಿದು ಕೂತ ಇಪ್ಪತ್ತು ಜನಕ್ಕೂ ಕೇಳಿಸುತ್ತಿತ್ತು.

ಆ ತಂಡದಲ್ಲಿ ನನ್ನ ಹೆಸರು ಇರಲಿಲ್ಲ. ಹೊಟ್ಟೆ ಉರಿಯಿತೆ ಅಂದರೆ ಉರಿಯಿತು. ಆದರೆ ಆ ಮೂವರೂ ತಂಡವಾಗಿದ್ದು ಬೋರ್ಡಿನ ಮೇಲೆ ಮಾತ್ರ. ಮೂರು ಕೊಠಡಿ, ಮೂರು ಪುಸ್ತಕ, ಮೂರು ಬಾಗಿಲು. ಡಾಕ್ಟರು ತಮ್ಮ ಚೀಟಿ ಬರೆಯುವರು, ಇಮ್ರಾನ್ ತನ್ನ ನೋಟುಬುಕ್ಕಿನಲ್ಲಿ ಗೊಂಬೆ ಬಿಡಿಸುವನು, ಸಿಸ್ಟರ್ ತಮ್ಮ ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುವರು. ಮಧ್ಯಾಹ್ನ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು, ಆದರೆ ಮಾತೆಲ್ಲ ಕರೆಂಟು ಯಾವಾಗ ಬರುತ್ತದೆ ಎಂಬುದರ ಬಗ್ಗೆ.

ಸಣ್ಣೀರಮ್ಮ ಬಂದದ್ದು ಎರಡನೆಯ ಗುರುವಾರ. ಹುಟ್ಟೂರು ಶಿರಾದ ಹುಲಿಕುಂಟೆ ಕಡೆಯ ಒಂದು ಹಳ್ಳಿ, ಮದುವೆಯಾಗಿ ಬಂದದ್ದು ಮಧುಗಿರಿಗೆ. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಊರಿನ ಒಂದು ಹುಡುಗರ ಹಾಸ್ಟೆಲಿನಲ್ಲಿ ಹದಿನಾಲ್ಕು ವರ್ಷದಿಂದ ಅಡುಗೆ. ದಿನಾ ಅರವತ್ತು ಹುಡುಗರಿಗೆ ರಾಗಿ ಮುದ್ದೆ. ಮೂರು ವರ್ಷದಿಂದ ಬಲಭುಜ ಹಿಡಿದು, ಕೈ ಕಿವಿಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಕೊನೆಕೊನೆಗೆ ಮುದ್ದೆಯಲ್ಲಿ ಗಂಟು ಉಳಿಯತೊಡಗಿ, ಹುಡುಗರು ಗಂಟುಗಳನ್ನು ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ವಾರ್ಡನ್ನಿಗೆ ತೋರಿಸಿದ್ದರಂತೆ. ವಾರ್ಡನ್ ಆರಾಧ್ಯರು ಕೆಟ್ಟವರಲ್ಲ, ಆದರೆ ನಿಯಮದ ಮನುಷ್ಯ. ಪರೀಕ್ಷೆ ಮುಗಿದು ಹಾಸ್ಟೆಲ್ ಮುಚ್ಚುವ ಹೊತ್ತು ಬರುತ್ತಿತ್ತು. ಜೂನ್‌ನಲ್ಲಿ ಮತ್ತೆ ತೆಗೆಯುವುದರೊಳಗೆ ಕೆಲಸಕ್ಕೆ ಯೋಗ್ಯಳು ಎಂದು ಆಸ್ಪತ್ರೆಯಿಂದ ಬರೆಸಿಕೊಂಡು ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೇಳಿಬಿಟ್ಟಿದ್ದರು.

"ನಂಗೆ ವಾಸಿ ಆಗೋದು ಬ್ಯಾಡ ಅಣ್ಣಯ್ಯ, ಆ ಸರ್ಟಿಫಿಕೀಟು ಆದ್ರೆ ಸಾಕು," ಎಂದಳು ಕಿಟಕಿಯಲ್ಲಿ ನನಗೆ. ಎಡಗೈಯಿಂದ ಚೀಟಿ ಚಾಚಿದ್ದಳು. ಬಲಗೈ ಸೆರಗಿನೊಳಗೆ ಮಲಗಿತ್ತು.

ಅಲ್ಲಿಂದ ಆರು ವಾರ ಅವಳು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಮೂರು ಬಾಗಿಲು ಹತ್ತಿ ಇಳಿದು, ಕೊನೆಗೆ ನನ್ನ ಕಿಟಕಿಗೆ ಬರುವಳು. ಯುಗಾದಿ ಬಂತು, ಹೋಯಿತು. ಹಾಸ್ಟೆಲ್ ಮುಚ್ಚಿತು. ಅವಳ ಕೈ ಮಾತ್ರ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಡಾಕ್ಟರಿಗೆ ಅಚ್ಚರಿ. ಸಿಸ್ಟರಿಗೆ ಮಾತ್ರ ಚಿಂತೆಯಿಲ್ಲ, ಯಾಕೆಂದರೆ ಅವರ ಪುಸ್ತಕದ ಪ್ರಕಾರ ಸಣ್ಣೀರಮ್ಮ ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದಳು.

ಏಳನೆಯ ಗುರುವಾರ ಅವಳು ಮಾತ್ರೆ ಹಾಕಿಸಿಕೊಳ್ಳಲು ತಂದ ಕೈಚೀಲ ಕಿಟಕಿಯ ಕಟ್ಟೆಯ ಮೇಲೆ ಮಗುಚಿತು. ಒಳಗಿಂದ ನಾನು ಕೊಟ್ಟಿದ್ದ ಮಾತ್ರೆ ಬಿದ್ದವು, ಸರಿ. ಅವುಗಳ ಜೊತೆ ಬೇರೆ ಅಂಗಡಿಯ ಎರಡು ಪಟ್ಟಿ ಮಾತ್ರೆ ಬಿದ್ದವು. ತಿರುಗಿಸಿ ನೋಡಿದೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧಿ ನಾನು ಕೊಡುತ್ತಿದ್ದ ಅದೇ ನೋವಿನ ಮಾತ್ರೆ. ಅಂದರೆ ಈಕೆ ದಿನಕ್ಕೆ ಎರಡರಷ್ಟು ನುಂಗುತ್ತಿದ್ದಳು. ಅದರ ಮೇಲೆ ಪ್ರತಿ ವಾರ ನನ್ನ ಹತ್ತಿರ ಹೊಟ್ಟೆ ಉರಿ ಎಂದು ಹೇಳಿ ಅದಕ್ಕೊಂದು ಮಾತ್ರೆ ಪಡೆದುಕೊಂಡು ಹೋಗುತ್ತಿದ್ದಳು. ನಾನೂ ಬಿಸಿಲಿಗೆ ಇರಬೇಕು ಎಂದು, ಖಾರ ಕಡಿಮೆ ಮಾಡು ಎಂದು ಬುದ್ಧಿ ಹೇಳಿ ಕೊಟ್ಟು ಕಳಿಸುತ್ತಿದ್ದೆ.

ಒಂಬತ್ತು ವರ್ಷದಲ್ಲಿ ಮೊದಲ ಸಲ, ಕಿಟಕಿಯ ಮುಂದೆ ಎಂಟು ಜನ ಇರುವಾಗಲೇ ಬಾಗಿಲು ತೆಗೆದುಕೊಂಡು ಹೊರಗೆ ಬಂದೆ. ಒಂದು ಕೈಯಲ್ಲಿ ಮಾತ್ರೆ ಪಟ್ಟಿ, ಇನ್ನೊಂದು ಕೈಯಲ್ಲಿ ಸಣ್ಣೀರಮ್ಮನ ಎಡಗೈ. ದಾರಿಯಲ್ಲಿ ಇಮ್ರಾನನನ್ನೂ ಸಿಸ್ಟರನ್ನೂ ಎಬ್ಬಿಸಿಕೊಂಡು ಡಾಕ್ಟರ ಕೊಠಡಿಗೆ ನುಗ್ಗಿದೆ. ಸಿಟ್ಟಿನಲ್ಲಿ ನನ್ನ ಧ್ವನಿ ಸಿಸ್ಟರ ಧ್ವನಿಯನ್ನೂ ಮೀರಿತ್ತಂತೆ. ಆಮೇಲೆ ಜನ ಹೇಳಿದರು.

"ಈಯಮ್ಮನಿಗೆ ಏನು ಚಿಕಿತ್ಸೆ ಮಾಡ್ತಾ ಇದೀರಿ ನೀವು?" ಎಂದೆ.

"ಭುಜಕ್ಕೆ," ಎಂದರು ಡಾಕ್ಟರು.

"ಸೊಂಟಕ್ಕಲ್ವಾ ಮೇಡಂ?" ಎಂದ ಇಮ್ರಾನ್. "ಆರು ವಾರದಿಂದ ಸೊಂಟಕ್ಕೇ ಎಕ್ಸರ್‌ಸೈಜು ಮಾಡಿಸ್ತಿದೀನಿ ನಾನು. ಭುಜದ ವಿಷ್ಯ ನಂಗೆ ಹೇಳೇ ಇಲ್ಲ ಇವ್ರು!"

"ಸೊಂಟನೂ ಇಲ್ಲ, ಭುಜನೂ ಇಲ್ಲ," ಎಂದು ಸಿಸ್ಟರ್ ಕೂಗಿದರು. "ಈಯಮ್ಮಂಗೆ ನಿದ್ದೆ ಬರಲ್ಲ, ಅಷ್ಟೆ!"

ಎಲ್ಲರೂ ಸಣ್ಣೀರಮ್ಮನ ಕಡೆ ತಿರುಗಿದೆವು. ಅವಳಿಗೆ ನಾವು ಯಾಕೆ ಇಷ್ಟು ಗಾಬರಿಯಾಗಿದ್ದೇವೆ ಎಂಬುದೇ ಅರ್ಥವಾಗಲಿಲ್ಲ.

"ಊಟಕ್ಕೆ ಕೂತೋರಲ್ಲಿ ಒಬ್ರ ಎಲೆಗೇ ಎಲ್ಲಾ ಸುರ್ದು, ಉಳ್ದೋರ ಎಲೆ ಖಾಲಿ ಬುಡೋಕಾಯ್ತದಾ?" ಎಂದಳು. "ಹದಿನಾಕು ವರ್ಸದಿಂದ ಬಡಿಸ್ತಾ ಇದೀನಿ, ಒಂದು ದಿನ ಪಂಕ್ತಿಭೇದ ಮಾಡಿಲ್ಲ ನಾನು. ಡಾಕ್ಟ್ರಮ್ಮ ದೊಡ್ಡೋರು, ಅವ್ರಿಗೆ ಭುಜ ಕೊಟ್ಟೆ. ಇಮ್ರಾನಪ್ಪಂಗೆ ಸೊಂಟ. ಸಿಸ್ಟರಮ್ಮ ಮಾತಾಡೋರು, ಅವ್ರಿಗೆ ನಿದ್ದೆ. ಅಣ್ಣಯ್ಯಂಗೆ ಹೊಟ್ಟೆ ಉರಿ ಮಡಗಿದ್ದೆ. ಎಲ್ರಿಗೂ ಒಂದೊಂದು ಬಂತಲ್ಲ?"

ಮಂಡಿ ನೋವೊಂದು ಮಿಕ್ಕಿತ್ತಂತೆ. ಅದನ್ನು ಸಿದ್ದರಬೆಟ್ಟದ ಹತ್ತಿರ ಬೇರು ನಾರು ಎಣ್ಣೆ ಮಾರುವ ಒಬ್ಬ ಅಜ್ಜನಿಗೆ ಕೊಟ್ಟಿದ್ದಳು. ಆ ಎರಡನೆಯ ಮಾತ್ರೆ ಎಲ್ಲಿಂದ ಬಂತು ಎಂದರೆ, ಸಂತೆಗೆ ಹೋದಾಗ ಅಲ್ಲಿಯ ಔಷಧಿ ಅಂಗಡಿಯವನು ಪರಿಚಯದವನು, ಅವನಿಗೆ ಬೇಜಾರಾಗಬಾರದಲ್ಲ ಎಂದು ಅವನಿಗೆ ಕತ್ತು ನೋವು ಹೇಳಿದ್ದಳು.

ಡಾಕ್ಟರು ಎರಡು ಕೈಯಿಂದಲೂ ತಲೆ ಹಿಡಿದುಕೊಂಡರು. "ಅಯ್ಯೋ ದೇವುಡಾ," ಎಂದು ತೆಲುಗಿಗೆ ಇಳಿದರು. ಆಮೇಲೆ ಒಂದೊಂದೇ ಹೊರಗೆ ಬಂತು. ಪ್ರತಿ ವಾರ ನಾವು, ನೋವು ಹತ್ತಕ್ಕೆ ಎಷ್ಟು, ಎಂದು ಕೇಳುತ್ತಿದ್ದೆವು. ಡಾಕ್ಟರಿಗೆ ಅವಳು ಎಂಟು ಅಂದಿದ್ದಳು, ದೊಡ್ಡವರಿಗೆ ದೊಡ್ಡ ಮಾರ್ಕು ಇರಲಿ ಎಂದು. ಇಮ್ರಾನನಿಗೆ ಎರಡು. "ಪಾಪ, ಆ ಮಗ ಬೆವರು ಸುರ್ಸ್ಕಂಡು ತಿಕ್ತಾನೆ, ಅವನ ಮಕ ನೋಡ್ಕಂಡು ಎಂಟು ಅಂತ ಹೆಂಗ್ ಅನ್ಲಿ?" ಸಿಸ್ಟರಿಗೆ ಮೊದಲ ವಾರ ಆರು, ಆಮೇಲೆ ವಾರಕ್ಕೊಂದರಂತೆ ಇಳಿಸುತ್ತ ಬಂದಿದ್ದಳು. ಅವರು ಅಷ್ಟು ಖುಷಿಪಡುತ್ತಿದ್ದರಂತೆ.

ಇನ್ನು ನಮ್ಮ ಬುದ್ಧಿಮಾತುಗಳು. ಡಾಕ್ಟರು ಕೈಗೆ ವಿಶ್ರಾಂತಿ ಕೊಡು ಅಂದಿದ್ದರು. ಇಮ್ರಾನ್ ಒಂದು ಗಳಿಗೆ ಸುಮ್ಮನೆ ಕೂರಬೇಡ ಅಂದಿದ್ದ. ಸಿಸ್ಟರ್ ಎಲ್ಲ ಯೋಚನೆಯನ್ನೂ ಬಿಟ್ಟುಬಿಡು ಅಂದಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಇವಳಾದರೂ ಯಾರ ಮಾತನ್ನೂ ಮೀರಿದವಳಲ್ಲ. ಹಾಸ್ಟೆಲಿನ ಗೋಡೆಗೆ ಹಾಕುವ ಊಟದ ಪಟ್ಟಿಯ ಹಾಗೆ ವಾರಕ್ಕೊಂದು ಪಟ್ಟಿ ಮಾಡಿಕೊಂಡಿದ್ದಳು. ಸೋಮವಾರ ಡಾಕ್ಟ್ರಮ್ಮನದು, ಕೈ ಅಲ್ಲಾಡಿಸುವ ಹಾಗಿಲ್ಲ. ಮಂಗಳವಾರ ಇಮ್ರಾನಪ್ಪನದು, ಬೆಳಗಿಂದ ಸಂಜೆವರೆಗೆ ಕಸರತ್ತು. ಬುಧವಾರ ಸಿಸ್ಟರಮ್ಮನದು, ಕೈ ಇದೆ ಎಂಬುದನ್ನು ಮರೆತು ಎರಡು ಕೊಡ ನೀರು ಹೊರುವುದು. ಗುರುವಾರ ಆಸ್ಪತ್ರೆಗೆ ಬಂದು, ನೋವು ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು.

ಮೊದಲು ನಾವು ಒಬ್ಬರ ಮೇಲೊಬ್ಬರು ಎಗರಿದೆವು. ಇಮ್ರಾನ್ ಡಾಕ್ಟರ ಚೀಟಿಯನ್ನು ಯಾರಿಂದ ಓದಲಾಗುತ್ತದೆ ಎಂದು ಕೇಳಿದ. ಡಾಕ್ಟರು ಅವನ ಗೊಂಬೆಗಳಲ್ಲಿ ಯಾವುದು ಕೈ, ಯಾವುದು ಕಾಲು ಎಂದು ಕೇಳಿದರು. ಸಿಸ್ಟರ್ ಗುಟ್ಟು ಗುಟ್ಟೇ, ರಿಜಿಸ್ಟರ್ ತೋರಿಸುವುದಿಲ್ಲ ಎಂದು ಊರಿಗೆಲ್ಲ ಕೇಳಿಸುವಂತೆ ಹೇಳಿದರು. ನಾನು ಎಲ್ಲರಿಗೂ ಬೈದೆ. ಆಗ ಡಾಕ್ಟರು ನನ್ನ ಕಡೆ ತಿರುಗಿ, "ಆರು ವಾರ ಹೊಟ್ಟೆ ಉರಿ ಅಂತ ಬಂದ್ರೆ, ಯಾಕಮ್ಮ ಅಂತ ಒಂದು ಮಾತು ನೀವು ಕೇಳಿದ್ರಾ ಸದಾಶಿವಯ್ಯನವರೇ?" ಎಂದರು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ಸಣ್ಣೀರಮ್ಮ ನಮ್ಮ ಜಗಳ ನೋಡಿ ಅಳತೊಡಗಿದಳು. "ನಾನು ಬಡ್ಸಿದ್ದು ಸರಿ ಇಲ್ವೇನೋ," ಎಂದಳು. ಆ ಒಂದು ಮಾತಿಗೆ ನಮ್ಮ ಜಗಳ ನಿಂತಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ, ಮಾತ್ರೆ ಹೆಚ್ಚಾಗಿ ಮೂತ್ರಪಿಂಡಕ್ಕೆ ಆಗಲೇ ಸ್ವಲ್ಪ ಪೆಟ್ಟು ಬೀಳಲು ಶುರುವಾಗಿತ್ತು. ಈಗ ಹಿಡಿದದ್ದರಿಂದ ಸರಿಹೋಗುತ್ತದೆ ಎಂದರು ಡಾಕ್ಟರು. ಇನ್ನಾರು ತಿಂಗಳು ಬಿಟ್ಟಿದ್ದರೆ ಹೇಳುವ ಹಾಗಿರಲಿಲ್ಲ.

ಮುಂದಿನ ವಾರದಿಂದ ಮೂರು ಪುಸ್ತಕ ಹೋಗಿ ಒಂದು ಬಂತು, ದಪ್ಪ ರಟ್ಟಿನದು. ಮಧ್ಯಾಹ್ನ ಎರಡೂವರೆಗೆ ಡಾಕ್ಟರ ಕೊಠಡಿಯಲ್ಲಿ ನಾಲ್ಕು ಕುರ್ಚಿ, ಐದನೆಯದು ಸಣ್ಣೀರಮ್ಮನಿಗೆ. ಅವಳು ಕೂರಲು ಒಪ್ಪಲಿಲ್ಲ. "ಒಬ್ಳಿಗೆ ನಾಕು ಜನ ಕೂತ್ಕಂಡಿದೀರಲ್ಲ, ಹೆಣ್ ನೋಡೋಕ್ ಬಂದಂಗೆ," ಎಂದು ಗೋಡೆಗೊರಗಿ ನಿಂತಳು. ಆದರೂ ಎಲ್ಲರ ಮುಂದೆ ಒಂದೇ ಸಲ ತಲೆಯಿಂದ ಕಾಲಿನವರೆಗೆ ಹೇಳಿದಳು. ಅಂದು ನನ್ನ ಹೆಸರೂ ಪುಸ್ತಕದ ಮೊದಲ ಪುಟ ಸೇರಿತು. ಡಾಕ್ಟರು ಫಾರ್ಮಸಿಸ್ಟ್ ಎಂದು ಪೂರ್ತಿ ಬರೆದರು.

ಅವಳು ಹೇಳುವುದನ್ನು ಕೇಳುತ್ತಿದ್ದ ಇಮ್ರಾನ್ ಇದ್ದಕ್ಕಿದ್ದಂತೆ, "ಮೇಡಂ, ಇವ್ರು ಮುದ್ದೆ ಹೆಂಗೆ ತಿರುವ್ತಾರೆ ಅಂತ ನಮ್ಮಲ್ಲಿ ಯಾರಾದ್ರೂ ನೋಡಿದೀವಾ?" ಎಂದು ಕೇಳಿದ. ಯಾರೂ ನೋಡಿರಲಿಲ್ಲ. ಹಾಗಾಗಿ ಮುಂದಿನ ಭಾನುವಾರ, ಮೇ ತಿಂಗಳ ಉರಿಯಲ್ಲಿ, ನಾವು ನಾಲ್ವರು ಖಾಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಸೇರಿದೆವು. ವಾರ್ಡನ್ ಆರಾಧ್ಯರು ಬೀಗದ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತರು.

ಒಲೆ ನೆಲದ ಮಟ್ಟಕ್ಕಿತ್ತು. ಅದರ ಮೇಲೆ ಒಂದು ಮಗು ಕೂರಬಹುದಾದಷ್ಟು ದೊಡ್ಡ ಪಾತ್ರೆ. ಸಣ್ಣೀರಮ್ಮ ಎಸರಿಟ್ಟು, ಹಿಟ್ಟು ಸುರಿದು, ಬೆಂದ ಮೇಲೆ ಪಾತ್ರೆ ಅಲ್ಲಾಡದಂತೆ ಕವೆಗೋಲನ್ನು ಎಡಗಾಲಿನಿಂದ ಒತ್ತಿ ಹಿಡಿದಳು. ಸೊಂಟ ಬಗ್ಗಿಸಿ ಮುದ್ದೆ ಕೋಲು ಹಾಕಿದಳು. ಪೂರ್ತಿ ಭಾರ ಬಲಭುಜದ ಮೇಲೆ ಬಿತ್ತು. ನಾಲ್ಕು ಸುತ್ತಿಗೆ ಮುಖ ಕಪ್ಪಿಟ್ಟಿತು.

"ಸರೀರಿ ಇತ್ತ," ಎಂದರು ಡಾಕ್ಟರು. "ನಾನು ಪಾವಗಡದವಳು. ಮುದ್ದೆ ತಿಂದೇ ಬೆಳೆದಿದ್ದು. ಕೊಡಿ ಕೋಲು, ಎಷ್ಟು ಭಾರ ಅಂತ ನೋಡೋಣ."

ಮುದ್ದೆ ತಿನ್ನುವುದಕ್ಕೂ ತಿರುವುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಮೂರನೆಯ ಸುತ್ತಿನಲ್ಲಿ ಗೊತ್ತಾಯಿತು. ಕೋಲು ಹಿಟ್ಟಿನಲ್ಲಿ ಸಿಕ್ಕಿಕೊಂಡು ನಿಂತಿತು. ಅವರು ಎಳೆದರೆ ಕೋಲು ಬರಲಿಲ್ಲ, ಪಾತ್ರೆಯೇ ಎದ್ದು ಬಂತು. ಇಮ್ರಾನ್ ತೋಳು ಮಡಿಸಿಕೊಂಡು, "ಟೆನ್ಶನ್ ನಕ್ಕೊ ಮೇಡಂ, ಇದು ಜಿಮ್ ಕೆಲ್ಸ," ಎಂದು ಬಂದ. ಅವನ ಬಲಕ್ಕೇನೂ ಕೊರತೆಯಿರಲಿಲ್ಲ. ಹದವೊಂದು ಇರಲಿಲ್ಲ. ಹಿಟ್ಟಿನ ಒಂದು ಉಂಡೆ ಹಾರಿ ಆರಾಧ್ಯರ ಬಿಳಿ ಅಂಗಿಗೆ ಅಂಟಿತು. ಸಿಸ್ಟರ್ ಕೋಲು ಹಿಡಿದು, ಹಿಟ್ಟನ್ನು ಗದರಿಸಿಕೊಂಡೇ ಒಂದಷ್ಟು ತಿರುವಿ, ಉಸಿರು ಕಟ್ಟಿ ಕೂತರು. ನಾನು ಕೊನೆಯವನು. ಇಪ್ಪತ್ತೆಣಿಸುವಷ್ಟರಲ್ಲಿ ನನ್ನ ಬೆನ್ನಿನಲ್ಲಿ ಏನೋ ಒಂದು ಸದ್ದಾಯಿತು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುತ್ತಾರೆ. ಅವನಿಗೆ ಆ ಹಿಟ್ಟು ತಿರುವಿಕೊಟ್ಟವಳ ಭುಜದ ಸುದ್ದಿ ಯಾರೂ ಎತ್ತಿದ್ದು ನಾನು ಕೇಳಿಲ್ಲ.

"ರಾಗಿ ಚೆಲ್ಲೋ ಹಾಗಿಲ್ಲ," ಎಂದರು ಆರಾಧ್ಯರು, ಅಂಗಿ ಒರೆಸಿಕೊಳ್ಳುತ್ತ. ನಾವು ನಾಲ್ವರೂ ಸಾಲಾಗಿ ಕೂತು ನಮ್ಮ ಮುದ್ದೆಯನ್ನು ನಾವೇ ಉಂಡೆವು. ಒಳಗೆಲ್ಲ ಗಂಟು, ಒಡೆದರೆ ಹಸಿ ಹಿಟ್ಟು. ಸಣ್ಣೀರಮ್ಮ ಸಾರು ಬಡಿಸುತ್ತ ಮೊದಲ ಸಲ ನಕ್ಕಳು. ಎಷ್ಟು ನಕ್ಕಳೆಂದರೆ ಸೌಟು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಭಾನುವಾರದ ಅಜೀರ್ಣದಿಂದ ನಮಗೆ ಬುದ್ಧಿ ಬಂತು. ರೋಗ ಭುಜದಲ್ಲಿದ್ದರೂ ಅದರ ಬೇರು ಒಲೆಯ ಎತ್ತರದಲ್ಲಿತ್ತು. ಇಮ್ರಾನ್ ಅಳತೆ ಹಿಡಿದು ಒಲೆಯ ಕೆಳಗೆ ಸಿಮೆಂಟ್ ಇಟ್ಟಿಗೆ ಇಡಿಸಿದ. ಈಗ ಬಗ್ಗಬೇಕಾಗಿರಲಿಲ್ಲ. ಶಿರಾದ ತನ್ನ ಮಾವನ ವೆಲ್ಡಿಂಗ್ ಅಂಗಡಿಯಲ್ಲಿ ಪಾತ್ರೆ ಕೂರುವ ಕಬ್ಬಿಣದ ಬಳೆ ಮಾಡಿಸಿ ತಂದ, ಕಾಲಿನಿಂದ ಕವೆಗೋಲು ಒತ್ತುವುದು ತಪ್ಪಿತು. ಒಂದು ದೊಡ್ಡ ಪಾತ್ರೆಯ ಬದಲು ಎರಡು ಸಣ್ಣವು, ಕೋಲು ಒಂದು ಮೊಳ ಉದ್ದ. ಡಾಕ್ಟರು ಭುಜದ ನರದ ಹತ್ತಿರ ಒಂದು ಸೂಜಿ ಹಾಕಿದರು. ಅದರಿಂದ ನೋವು ಇಳಿದಿರುವ ವಾರಗಳಲ್ಲಿ ಇಮ್ರಾನ್ ಅವಳಿಂದ ಅದೇ ಮುದ್ದೆ ಕೋಲಿನಲ್ಲಿ, ಮೊದಲು ಗಾಳಿಯಲ್ಲಿ, ಆಮೇಲೆ ಮರಳಿನ ಬಕೆಟ್ಟಿನಲ್ಲಿ ತಿರುವಿಸಿದ. ನಾನು ಮಾತ್ರೆಗಳನ್ನು ಒಂದೊಂದಾಗಿ ಕಿತ್ತುಕೊಂಡೆ. ಕೊಡುವುದೇ ಕೆಲಸವಾಗಿದ್ದವನಿಗೆ ಕಿತ್ತುಕೊಳ್ಳುವುದರಲ್ಲೂ ಒಂದು ಸುಖವಿದೆ ಎಂದು ಆಗ ಗೊತ್ತಾಯಿತು. ಸಂತೆಯ ಅಂಗಡಿಯವನಿಗೂ ಫೋನು ಮಾಡಿ ಹೇಳಿದೆ.

ನಿದ್ದೆಯ ಸಂಗತಿ ಸಿಸ್ಟರಿಗೆ ಸಿಕ್ಕಿತು. ಅವಳ ಮಗ ಸೊಸೆ ಒಳ್ಳೆಯವರು, ಸಾಕು ಮನೆಯಲ್ಲಿರು ಎಂದು ಅವರೇ ಹೇಳುತ್ತಿದ್ದರು. ಅದೇ ಅವಳ ನಿದ್ದೆ ಕೆಡಿಸಿತ್ತು. "ಇದು ಬಡ್ಸೋ ಕೈ ಸಿಸ್ಟರಮ್ಮ, ತಟ್ಟೆ ಒಡ್ಡೋ ಕೈ ಅಲ್ಲ. ಅರವತ್ತು ಮಕ್ಳು ಅಕ್ಕಾ ಅಕ್ಕಾ ಅಂತ ಕೂಗ್ತಾವೆ. ಮನೇಲಿ ಕೂತ್ರೆ ನನ್ನ ಯಾರು ಕೂಗ್ತಾರೆ?" ಎಂದಳಂತೆ. ಇದನ್ನು ನಮಗೆ ಹೇಳುವಾಗ ಸಿಸ್ಟರ ಧ್ವನಿ ಆ ಕೊಠಡಿಯಾಚೆ ಕೇಳಿಸಲಿಲ್ಲ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಮೇ ಕೊನೆಯ ಹೊತ್ತಿಗೆ ಕೈ ಕಿವಿ ದಾಟಿ ತಲೆಯವರೆಗೆ ಬಂತು. ನೋವು ಎಂಟರಿಂದ ನಾಲ್ಕಕ್ಕೆ ಇಳಿಯಿತು. ಈ ಸಲದ್ದು ನಿಜವಾದ ನಾಲ್ಕು, ನಾಲ್ವರ ಮುಂದೆಯೂ ಒಂದೇ. ಆದರೆ ಅಲ್ಲೇ ನಿಂತಿತು. ಎಷ್ಟು ಕಾದರೂ ಮೂರಾಗಲಿಲ್ಲ. ಹಾಸ್ಟೆಲ್ ತೆರೆಯಲು ನಾಲ್ಕು ದಿನ ಇರುವಾಗ ಆರಾಧ್ಯರು ಫಾರಂ ಕಳಿಸಿದರು. ಅದರಲ್ಲಿ ಒಂದು ಸಾಲು ಅವರೇ ಟೈಪು ಮಾಡಿಸಿದ್ದರು: "ಸದರಿಯವರಿಗೆ ಯಾವುದೇ ನೋವು ಇರುವುದಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಬರ್ದುಬುಡಿ ಡಾಕ್ಟ್ರಮ್ಮ," ಎಂದು ಸಣ್ಣೀರಮ್ಮ ಕೈ ಮುಗಿದಳು. "ಒಂದು ಸುಳ್ಳು ತಾನೆ? ಆ ಪಾಪ ನಂಗಿರ್ಲಿ."

"ಅಬದ್ಧಂ ನೇನು ರಾಯನು," ಎಂದರು ಡಾಕ್ಟರು. ಸುಳ್ಳು ಬರೆಯುವುದಿಲ್ಲ ಎಂದು. ಆಮೇಲೆ ಕನ್ನಡಕ್ಕೆ ಬಂದರು. "ಇಂಥ ನೋವು ಪೂರ್ತಿ ಹೋಗದೇ ಇರಬಹುದು ಅಂತ ನಿಮಗೆ ಮೊದಲೇ ಹೇಳಿದೀನಿ ಅಲ್ವಾ? ಇವತ್ತು ಇಲ್ಲ ಅಂತ ಬರೆದು, ನಾಳೆ ನೀವು ಅಲ್ಲಿ ಒಂದು ಸಲ ಭುಜ ಹಿಡಿದುಕೊಂಡರೆ? ಆಗ ಆಚೆ ಹಾಕ್ತಾರೆ."

ನಮ್ಮೊಳಗೆ ಮತ್ತೆ ಜಗಳ. ಬರೆದುಬಿಡಿ ಎಂದು ನಾನೂ ಸಿಸ್ಟರೂ. ಬೇಡ ಎಂದು ಅವರಿಬ್ಬರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ಡಾಕ್ಟರು ಆ ಸಾಲನ್ನು ಹೊಡೆದುಹಾಕಿ, ಅದರ ಮೇಲೆ, "ನೋವು ಸ್ವಲ್ಪ ಇದೆ. ಎತ್ತರಿಸಿದ ಒಲೆಯಲ್ಲಿ, ಎರಡು ಪಾತ್ರೆಯಲ್ಲಿ, ಅರವತ್ತು ಜನರಿಗೆ ಮುದ್ದೆ ಮಾಡಲು ಸಮರ್ಥರು," ಎಂದು ಬರೆದು ಸಹಿ ಹಾಕಿದರು. ಕೆಳಗೆ ಇಮ್ರಾನ್ ಸಹಿ ಹಾಕಿದ. ಅದರ ಕೆಳಗೆ ಸಿಸ್ಟರ್. ಕೊನೆಗೆ ನಾನು. ವೈದ್ಯಕೀಯ ಪತ್ರದ ಮೇಲೆ ನನ್ನ ಸಹಿ ಬಿದ್ದದ್ದು ಅದೇ ಮೊದಲು.

ಕಾಗದ ಹಿಡಿದು ಸಣ್ಣೀರಮ್ಮನ ಜೊತೆ ನಾವು ನಾಲ್ವರೂ ಹಾಸ್ಟೆಲಿಗೆ ಹೋದೆವು. ಆರಾಧ್ಯರು ಅದನ್ನು ಎರಡು ಸಲ ಓದಿದರು. "ನೋವು ಇದೆ ಅಂತ ನೀವೇ ಬರೆದಿದ್ದೀರಲ್ಲ," ಎಂದರು. ಅದು ಅವರು ಕಂಡ ಯಾವ ನಿಯಮದಲ್ಲೂ ಇರಲಿಲ್ಲ. ಸಣ್ಣೀರಮ್ಮ ಒಳಗೆ ಹೋಗಿ ಎಸರಿಟ್ಟಳು. ನಾವು ಐವರೂ ಬಾಗಿಲಲ್ಲಿ ನಿಂತೆವು. ಅವಳು ನೆಟ್ಟಗೆ ನಿಂತು, ಎರಡು ಕೈಯಲ್ಲಿ ಕೋಲು ಹಿಡಿದು, ಇಮ್ರಾನ್ ಹೇಳಿಕೊಟ್ಟಂತೆ ಕಾಲಿನಿಂದ ಬಲ ತಂದು ತಿರುವಿದಳು. ಒಂದು ಪಾತ್ರೆ ಮುಗಿಸಿ, ಕೋಲು ಒರಗಿಸಿ, ಎರಡು ನಿಮಿಷ ಕೈ ಜೋತುಬಿಟ್ಟು ನಿಂತು, ಎರಡನೆಯದಕ್ಕೆ ಹೋದಳು. ಇಮ್ರಾನನ ತುಟಿ ಎಣಿಸುತ್ತಿತ್ತು. ಸಿಸ್ಟರ್ ನನ್ನ ತೋಳು ಹಿಡಿದ ಬಿಗಿಗೆ ಆಮೇಲೆ ನಾನೇ ಎಣ್ಣೆ ಹಚ್ಚಿಕೊಳ್ಳಬೇಕಾಯಿತು. ಆರಾಧ್ಯರು ಬಿಸಿ ಮುದ್ದೆಯೊಂದನ್ನು ತಟ್ಟೆಗೆ ಹಾಕಿಸಿಕೊಂಡು, ಮುರಿದು, ಬೆರಳಿನಿಂದ ಅದುಮಿ ಅದುಮಿ ಹುಡುಕಿದರು. ಒಂದು ಗಂಟೂ ಸಿಗಲಿಲ್ಲ. ಸಾರು ಹಾಕಿಸಿಕೊಂಡು ಕೂತು ಉಂಡರು. ಕೈ ತೊಳೆದು ಬಂದು ಕಾಗದವನ್ನು ಮಡಿಸಿ ಜೇಬಿಗಿಟ್ಟು, "ಒಂದನೇ ತಾರೀಖು ಬೆಳಿಗ್ಗೆ ಐದಕ್ಕೆ ಬಂದುಬಿಡಮ್ಮ," ಎಂದರು.

ಜೂನಿನಲ್ಲಿ ಮಳೆ ಬಂತು. ಬೆಟ್ಟ ತಣ್ಣಗಾಯಿತು, ಶೀಟಿನ ಮಾಡಿನ ಕೆಳಗೆ ನನಗೂ ಉಸಿರು ಬಂತು. ಮೊದಲ ಎರಡು ಗುರುವಾರ ಸಣ್ಣೀರಮ್ಮ ಹಾಸ್ಟೆಲಿನ ಕೆಲಸ ಮುಗಿಸಿ ಎರಡೂವರೆಗೆ ಸರಿಯಾಗಿ ಬಂದಳು. ಮೂರನೆಯ ಗುರುವಾರ ಬರಲಿಲ್ಲ. ಮೂರು ಗಂಟೆಯಾಯಿತು. ನಾಲ್ಕು ಕುರ್ಚಿಯಲ್ಲಿ ಕೂತ ನಾವು ಬಾಗಿಲ ಕಡೆ ನೋಡುತ್ತಿದ್ದೆವು.

"ಮತ್ತೆ ಕೈ ಹಿಡ್ಕೊಂಡಿರ್ಬೇಕು," ಎಂದ ಇಮ್ರಾನ್.

"ಮಾತ್ರೆಗೆ ಹೋಗಿದಾಳೆ, ಸಂತೆಗೆ," ಎಂದೆ ನಾನು.

"ಕೆಲಸದಿಂದ ತೆಗೆದುಬಿಟ್ರೇನೋ," ಎಂದರು ಸಿಸ್ಟರ್. ಫೋನು ಮಾಡಿದರೆ ಎತ್ತಲಿಲ್ಲ. ಮಗನಿಗೆ ಮಾಡಿದರೆ, ಬೆಳಗಿನ ಜಾವವೇ ಮನೆ ಬಿಟ್ಟಿದ್ದಾಳೆ, ಆಮೇಲಿನದು ನನಗೆ ಗೊತ್ತಿಲ್ಲ ಎಂದ. ಡಾಕ್ಟರು ಎದ್ದರು. ನಾವೂ ಎದ್ದೆವು. ಜಿನುಗುವ ಮಳೆಯಲ್ಲಿ ಒಂದು ಆಟೋದಲ್ಲಿ ನಾಲ್ವರು ಒತ್ತಿಕೊಂಡು ಹಾಸ್ಟೆಲಿಗೆ ಹೋದೆವು.

ಅಡುಗೆಮನೆಯಲ್ಲಿ ಹೊಗೆ, ಹಬೆ, ಸೊಪ್ಪಿನ ಸಾರಿನ ಒಗ್ಗರಣೆ. ಆ ದಿನ ಹೊಸ ಹುಡುಗರು ಹತ್ತು ಜನ ಹೆಚ್ಚಿಗೆ ಸೇರಿದ್ದರಂತೆ. ಸಣ್ಣೀರಮ್ಮ ನಮಗೆ ಬೆನ್ನು ಹಾಕಿ, ಬಲಗೈಯನ್ನು ಮೇಲೆ ಚಾಚಿ ಅಟ್ಟದ ಮೇಲಿನ ಡಬ್ಬಿಯೊಂದನ್ನು ಇಳಿಸುತ್ತಿದ್ದಳು. ತಿರುಗಿದವಳು ಸಾಲಾಗಿ ನಿಂತ ನಮ್ಮನ್ನು ಕಂಡು ಬೆಚ್ಚಿದಳು.

"ಇದೇನ್ರಪ್ಪಾ ನಾಕು ಜನಾನೂ ಬಂದ್ಬುಟ್ಟಿದೀರಿ? ಯಾರಿಗೇನಾಯ್ತು?"

"ಇವತ್ತು ಗುರುವಾರ," ಎಂದರು ಡಾಕ್ಟರು.

"ಅಯ್ಯೋ ಶಿವನೇ! ಮರ್ತೇಬುಟ್ಟೆ ಕಣಮ್ಮ," ಎಂದು ಅವಳು ನಾಲಿಗೆ ಕಚ್ಚಿಕೊಂಡಳು. "ಬೆಳಗಿಂದ ಗ್ಯಾನವೇ ಬರ್ಲಿಲ್ಲ. ಆಸ್ಪತ್ರೆದೂ ಇಲ್ಲ, ಕೈದೂ ಇಲ್ಲ."

ಹೇಳುತ್ತ ಹೇಳುತ್ತ ಅವಳ ಎಡಗೈ ಮೆಲ್ಲಗೆ ಬಲಭುಜದ ಮೇಲೆ ಹೋಯಿತು. ಒಂದು ಗಳಿಗೆ ಅಲ್ಲೇ ಒತ್ತಿ ನೋಡಿಕೊಂಡಳು. ಮುಖ ಸಿಂಡರಿಸಿದಳು.

"ನೋಡಿ, ನಿಮ್ಮನ್ನ ಕಂಡ್ಮ್ಯಾಲೆ ಈಗ ಒಸಿ ನೋಯ್ತಾ ಐತೆ," ಎಂದಳು. "ಹೋಗಿ ಹೋಗಿ ಅತ್ಲಾಗೆ, ಎಸ್ರು ಉಕ್ಕೋಯ್ತದೆ."

ನಾವು ನಾಲ್ವರೂ ಎದ್ದೆವೋ ಬಿದ್ದೆವೋ ಎಂದು ಮಳೆಗೆ ಓಡಿ ಬಂದೆವು.